ಗಂಜಾಮಿನ ದೊಡ್ಡ ಸ್ವಾಮಿಯವರು

ಮೇಲುಕೋಟೆಯ ಯೋಗನರಸಿಂಹಸ್ವಾಮಿಯ ಬೆಟ್ಟವನ್ನೇರಿ ನಿಂತವರ ಕಣ್ಣಿಗೆ ತೆಂಕಣ ದಿಕ್ಕಿನಲ್ಲಿ ವಿಶಾಲವಾದ ಬಯಲೊಂದು ಕಾಣುವುದು. ತಮ್ಮ ನಂಬಿಕೆಯ ನಿಮಿತ್ತವಾಗಿ ಅರಸನ ಕೋಪಕ್ಕೆ ಗುರಿಯಾಗಿ ಚೋಳದೇಶವನ್ನು ಬಿಟ್ಟು ಬಂದ ಶ್ರೀ ರಾಮಾನುಜಾಚಾರ್ಯರು ಈ ಬೆಟ್ಟದ ಆಶ್ರಯದಲ್ಲಿ ಅನೇಕ ವರ್ಷ ನೆಲಸಿದ್ದರೆಂದು ಪರಂಪರೆಯು ಹೇಳುತ್ತದೆ. ಬೆಟ್ಟವನ್ನಿಳಿದು ತೊಣ್ಣೂರಿನ ಕೆರೆಯನ್ನು ಹಾದು ಮುಂದೆ ಹೋದರೆ ಪಾಂಡವಪುರವು ಸಿಕ್ಕುವುದು. ಹೈದರಾಲಿಯ ಮತ್ತು ಟಿಪ್ಪು ಸುಲ್ತಾನನ ಚಾಕರಿಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದ ಕಾರಣ ಆ ಊರಿಗೆ ಬಹುಕಾಲ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಇನ್ನೂ ಮುಂದೆ ಕಾವೇರಿಯ ಎರಡು ಕವಲುಗಳ ನಡುವೆ ಶ್ರೀರಂಗಪಟ್ಟಣದ ಕೋಟೆಯೂ ಅದರ ಪೂರ್ವಕ್ಕೆ ಗಂಜಾಮೂ ಇವೆ. ಗಂಜಾಮಿನಲ್ಲಿರುವ ಕ್ರೈಸ್ತ ದೇವಾಲಯವೊಂದನ್ನು ಜನರು ಇಂದಿಗೂ ಒಬ್ಬ ಫ್ರೆಂಚ್ ಪಾದ್ರಿಯ ಹೆಸರಿನಿಂದಲೇ ಕರೆಯುತ್ತಾರೆ. ಆಯುಧ ಹಿಡಿದು ಬಂದ ಫ್ರೆಂಚರ ಹೆಸರು ಊರಿನಿಂದ ಅಳಿಸಿಹೋಗಿದೆ. ಬರಿಗೈಯಲ್ಲಿ ಬಂದವನ ಹೆಸರು ಉಳಿದಿದೆ. ಆ ಪಾದ್ರಿಯೇ ಅಬ್ಬೆ ದ್ಯುಬುವಾ. ಕನ್ನಡದಲ್ಲಿ ಅಬ್ಬೆಯೆಂದರೆ ತಾಯಿ. ಫ್ರೆಂಚ್ ಭಾಷೆಯಲ್ಲಿ ಅದೇ ಶಬ್ದವು ಪಾದ್ರಿಗಳಿಗೆ ಸಲ್ಲುವ ಗೌರವದ ಸಂಬೋಧನೆ. ಮೈಸೂರು ಸೀಮೆಯ ಜನರಾದರೋ ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು.

ಈ ಸಂಚಿಕೆಯಲ್ಲಿ ಅವರ ಚರಿತ್ರೆಯನ್ನು ಬರೆಯಲು ನಮಗೆ ಒಂದು ಕಾರಣವುಂಟು. ಪರೀಕ್ಷೆಯೆಂಬುದು ನಮ್ಮ ಶಾಲೆಯ ಗೋಡೆಗಳೊಳಗೆ ವರ್ಷವೆಲ್ಲಾ ಕೇಳಿಬರುವ ಮಾತು. ಇದನ್ನೋದುವ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ಉತ್ತರಪತ್ರಿಕೆಯ ಮೇಲೆ ನಾವು ಕೆಂಪು ಮಸಿಯಲ್ಲಿ ಬರೆದ ಅಂಕಗಳು ಇನ್ನೂ ನೆನಪಿರಬಹುದು. ಆ ಅಂಕಗಳನ್ನೇ ಹುಡುಗಿಯ ಬೆಲೆಯೆಂದು ನಾವೂ ಕೆಲವು ವೇಳೆ ಎಣಿಸಿ ತಪ್ಪಿದ್ದೇವೆಂಬುದನ್ನು ಮರೆಮಾಡುವುದಿಲ್ಲ. ಸತ್ಯವೇದವು ಬೇರೊಂದು ಪರೀಕ್ಷೆಯನ್ನು ಕುರಿತು ಹೇಳುತ್ತದೆ. ಅದು ಏನು ಬಲ್ಲೆಯೆಂದು ಕೇಳುವುದಿಲ್ಲ. ನೀನು ಎಂಥವನು, ನಿನ್ನ ಕೆಲಸವು ಎಂಥದು ಎಂದು ಕೇಳುತ್ತದೆ. ಅದರ ಫಲಿತಾಂಶವು ಕೆಲವು ವಾರಗಳಲ್ಲಿ ಹೊರಬೀಳುವುದೂ ಇಲ್ಲ.

ಅಬ್ರಹಾಮನು ಮುದಿವಯಸ್ಸಿನಲ್ಲಿ ಹುಟ್ಟಿದ ಮಗನನ್ನು ಕರೆದುಕೊಂಡು ಬೆಟ್ಟವನ್ನೇರಿದಾಗ ಪರೀಕ್ಷಿಸಲ್ಪಟ್ಟನು. ಯೋಬನು ಸಕಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತಾಗ ಪರೀಕ್ಷಿಸಲ್ಪಟ್ಟನು. ಅವನ ಸ್ನೇಹಿತರು ಇದು ಪಾಪದ ಫಲವೆಂದು ತೀರ್ಪು ಹೇಳಿ, ಕಡೆಯಲ್ಲಿ ದೇವರಿಂದ ತಾವೇ ತಪ್ಪಿತಸ್ಥರೆನಿಸಿಕೊಂಡರು. ಸಮುವೇಲನು ಇಷಯನ ಹಿರಿಯ ಮಗನ ಎತ್ತರವನ್ನು ನೋಡಿ ಇವನೇ ಅರಸನೆಂದು ಭಾವಿಸಿದನು. ದೇವರಾದರೋ ಕುರಿಗಳ ಹಿಂದಿದ್ದ ಕಿರಿಯನ ಹೃದಯವನ್ನು ನೋಡಿದನು. ಬಾಬೆಲಿನ ಅರಸನಾದ ಬೇಲ್ಶಚ್ಚರನು ಔತಣದ ನಡುವೆ ತಕ್ಕಡಿಯಲ್ಲಿ ತೂಗಲ್ಪಟ್ಟು ಕಡಿಮೆಯಾಗಿ ಕಂಡುಬಂದನು. ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಈ ವಿಷಯವನ್ನೆಲ್ಲಾ ಒಂದು ಮನೆಯ ದೃಷ್ಟಾಂತದಿಂದ ವಿವರಿಸುತ್ತಾನೆ. ಒಂದೇ ಅಸ್ತಿವಾರದ ಮೇಲೆ ಒಬ್ಬನು ಬಂಗಾರ ಬೆಳ್ಳಿ ರತ್ನಗಳಿಂದಲೂ ಮತ್ತೊಬ್ಬನು ಕಟ್ಟಿಗೆ ಹುಲ್ಲು ಕಡ್ಡಿಗಳಿಂದಲೂ ಕಟ್ಟುತ್ತಾನೆ. ಯಾವುದು ಎಂಥದೆಂಬುದು ಬೆಂಕಿ ಬಂದ ದಿನದಲ್ಲಿ ತಿಳಿಯುತ್ತದೆ. ಕೆಲಸವು ಸುಟ್ಟುಹೋದವನಿಗೆ ನಷ್ಟವುಂಟಾದರೂ ಅವನು ತಾನು ಬೆಂಕಿಯೊಳಗಿಂದ ತಪ್ಪಿಸಿಕೊಂಡವನಂತೆ ಉಳಿಯುವನೆಂದು ಅಪೊಸ್ತಲನು ಕರುಣೆಯಿಂದ ಸೇರಿಸುತ್ತಾನೆ. ಒಬ್ಬ ಮನುಷ್ಯನು ಕಟ್ಟಿದ ಮನೆಯಲ್ಲಿ ಬಂಗಾರ ಯಾವುದು, ಹುಲ್ಲು ಯಾವುದು ಎಂಬುದು ಕಟ್ಟಿದವನಿಗೂ ತಿಳಿದಿರುವುದಿಲ್ಲ. ದ್ಯುಬುವಾ ಸ್ವಾಮಿಗಳ ಜೀವನವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಅವರು 1766ರ ಜನವರಿಯ ಸುಮಾರಿನಲ್ಲಿ ಫ್ರಾನ್ಸ್ ದೇಶದ ಆರ್ದೇಶ್ ಸೀಮೆಯ ಸ್ಯಾಂ ರೆಮೇಜ್ ಎಂಬ ಗ್ರಾಮದಲ್ಲಿ ಜನಿಸಿದರು. 1792ರಲ್ಲಿ ಗುರುದೀಕ್ಷೆಯನ್ನು ಹೊಂದಿದರು. ಫ್ರಾನ್ಸಿನ ಮಹಾಕ್ರಾಂತಿಯು ಉರಿಯುತ್ತಿದ್ದ ಕಾಲವದು. ಆ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಪಟ್ಟಣದ ಸೆರೆಮನೆಗಳಲ್ಲಿ ಪಾದ್ರಿಗಳನ್ನು ಗುಂಪುಗುಂಪಾಗಿ ಕೊಂದರು. ಯೌವನದ ಈ ಪಾದ್ರಿಯು ಪ್ಯಾರಿಸಿನ ವಿದೇಶ ಮಿಷನ್ ಸಂಘಕ್ಕೆ ಸೇರಿ ಅದೇ ವರ್ಷ ಸ್ವದೇಶವನ್ನು ಬಿಟ್ಟು ಪುದುಚೇರಿಗೆ ಹೊರಟರು. ಅವರು ಮರಣಕ್ಕಂಜಿ ಓಡಿದರೋ, ದೇವರ ಕರೆಗೆ ಓಗೊಟ್ಟು ನಡೆದರೋ ಎಂದು ನೋಡಿದವರು ಎರಡು ವಿಧವಾಗಿಯೂ ಹೇಳಬಹುದಾಗಿತ್ತು. ಹೆಜ್ಜೆಯು ಹೊರಗಿನ ಕಣ್ಣಿಗೆ ಒಂದೇ. ಅದರ ಒಳಗಣ ಕಾರಣವನ್ನು ಬಲ್ಲವನು ಒಬ್ಬನೇ.

ಕೆಲವು ವರ್ಷ ತಮಿಳುಸೀಮೆಯಲ್ಲಿ ಸೇವೆ ಮಾಡುತ್ತಾ ಅವರು ದೇಶಭಾಷೆಗಳನ್ನು ಕಲಿತರು. ಪರದೇಶದ ಉಡುಪನ್ನು ತೆಗೆದಿಟ್ಟು ಬಿಳಿಯ ನಿಲುವಂಗಿಯನ್ನು ತೊಟ್ಟು ತಲೆಗೆ ರುಮಾಲು ಸುತ್ತಿದರು. ಈ ನಾಡಿನವರು ಉಣ್ಣುವಂತೆ ಉಂಡರು, ಕುಳಿತುಕೊಳ್ಳುವಂತೆ ಕುಳಿತರು. ಇಂಥ ಸಾಧುವಾದ ನಡತೆಯನ್ನು ಕಂಡು ಜನರು ಅವರನ್ನು ಹೊರಗಿನವರೆಂದು ಎಣಿಸದೆ ತಮ್ಮ ಮನೆಯ ಮಾತುಗಳನ್ನು ಅವರೊಡನೆ ಆಡಿದರು.

1799ರ ಮೇ ತಿಂಗಳ 4ನೆಯ ತಾರೀಖು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಪಟ್ಟಣದ ಅಧಿಕಾರವು ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕೈಗೆ ಬಂದಿತು. ಅಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಿ ನೋಡಿಕೊಳ್ಳುವುದಕ್ಕಾಗಿ ದ್ಯುಬುವಾ ಸ್ವಾಮಿಗಳನ್ನು ಕರೆಸಿದರು. ಶ್ರೀರಂಗಪಟ್ಟಣದಲ್ಲಿ ಕ್ರೈಸ್ತಸಭೆಯು ಹೊಸದೇನೂ ಅಲ್ಲ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿಯೇ ಲಿಯೊನಾರ್ಡೊ ಚಿನ್ನಮಿ ಎಂಬ ಯೇಸುಸಭೆಯ ಪಾದ್ರಿಯು ಅಲ್ಲಿಗೆ ಬಂದು ಕನ್ನಡವನ್ನು ಕಲಿತು ಬೋಧಿಸಿದ್ದನು. ಆದರೆ 1784ರಲ್ಲಿ, ಇಂಗ್ಲಿಷರೊಡನೆ ನಡೆದ ಯುದ್ಧವು ಮುಗಿದ ಮೇಲೆ, ಕೆನರಾ ಸೀಮೆಯ ಕ್ರೈಸ್ತರು ಶತ್ರುಗಳಿಗೆ ಸಹಾಯಮಾಡಿದರೆಂಬ ಸಂದೇಹದಿಂದ ಸುಲ್ತಾನನು ಅವರನ್ನು ಸೆರೆಹಿಡಿಸಿ ಘಟ್ಟವನ್ನು ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಹೆಂಗಸರು, ಮಕ್ಕಳು, ಮುದುಕರು ಸಹ ಆ ದಾರಿಯನ್ನು ನಡೆದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಸತ್ತರು. ಉಳಿದವರಲ್ಲಿ ಬಹುಮಂದಿ ಬಲವಂತಕ್ಕೆ ಸಿಕ್ಕಿ ಮತಾಂತರ ಹೊಂದಿದರು. ಈ ಸೆರೆಯು 15 ವರ್ಷ ನಡೆಯಿತು.

ಕೋಟೆ ಬಿದ್ದ ಬಳಿಕ ಇವರು ಒಬ್ಬೊಬ್ಬರಾಗಿಯೂ ಕುಟುಂಬ ಕುಟುಂಬವಾಗಿಯೂ ಪಾದ್ರಿಯನ್ನು ಹುಡುಕಿಕೊಂಡು ಬಂದರು. ಬಾಯಿಂದ ಅಲ್ಲವೆಂದರೂ ಎದೆಯೊಳಗೆ ನಂಬಿಕೆಯನ್ನು ಬಿಟ್ಟಿರಲಿಲ್ಲವೆಂದು ಅಳುತ್ತಾ ನಿಂತರು. ದ್ಯುಬುವಾ ಸ್ವಾಮಿಗಳೇ ಬರೆದಿಟ್ಟಿರುವ ಲೆಕ್ಕದ ಪ್ರಕಾರ ಸುಮಾರು 2,000 ಮಂದಿ ಅವರ ಬಳಿಗೆ ಬಂದರು. ಇನ್ನೂ ಹೆಚ್ಚಿನವರು ಮಂಗಳೂರಿನ ಕಡೆಗೆ ಹಿಂದಿರುಗಿದರು. ಸ್ವಾಮಿಗಳು ತಮ್ಮ ಬಳಿಗೆ ಬಂದವರನ್ನು ತಿರುಗಿ ಸಭೆಗೆ ಸೇರಿಸಿಕೊಂಡರು. ಕೋಳಿ ಕೂಗುವುದಕ್ಕೆ ಮೊದಲು ಮೂರು ಸಾರಿ ತನ್ನ ಗುರುವನ್ನು ಅರಿಯೆನೆಂದ ಪೇತ್ರನು ಹೊರಗೆ ಹೋಗಿ ಅತ್ತನಷ್ಟೆ. ಅವನಿಗೇ ಅಲ್ಲವೆ ಬಳಿಕ ಕುರಿಗಳನ್ನು ಮೇಯಿಸುವ ಕೆಲಸವು ಒಪ್ಪಿಸಲ್ಪಟ್ಟದ್ದು!

ಆದರೂ ಸತ್ಯವನ್ನು ಹೇಳಬೇಕಾದರೆ, ಕೈಯಿಂದ ಅವರನ್ನು ಎತ್ತಿದ ಸ್ವಾಮಿಗಳು ಲೇಖನಿಯಿಂದ ಅವರ ಮೇಲೆ ಕಠಿಣವಾದ ತೀರ್ಪನ್ನೇ ಬರೆದರು. ಅಷ್ಟು ಸಾವಿರ ಮಂದಿಯಲ್ಲಿ ನಂಬಿಕೆಗಾಗಿ ಪ್ರಾಣವನ್ನು ಕೊಡಲು ಧೈರ್ಯಗೊಂಡವರು ಒಬ್ಬರೂ ಇರಲಿಲ್ಲವೆಂದು ಮುಂದೆ ಅವರು ಒಂದು ಪತ್ರದಲ್ಲಿ ದೂರಿದ್ದಾರೆ. ಈ ಮಾತನ್ನು ಒಪ್ಪಲು ನಮಗೆ ಮನಸ್ಸು ಬರುವುದಿಲ್ಲ. ಸೆರೆಯಲ್ಲಿ ಸತ್ತವರ ಸಾಕ್ಷ್ಯವನ್ನು ಬರೆದುಕೊಂಡವರು ಯಾರು? ಮಗುವಿಗೆ ಕತ್ತಲಲ್ಲಿ ಪ್ರಾರ್ಥನೆಯನ್ನು ಪಿಸುಮಾತಿನಲ್ಲಿ ಕಲಿಸಿದ ತಾಯಿಯ ಹೆಸರು ಯಾವ ದಫ್ತರದಲ್ಲಿದೆ? 15 ವರ್ಷವಾದ ಮೇಲೂ ಸಾವಿರಾರು ಮಂದಿ ಹಿಂದಿರುಗಿ ಬಂದರೆಂಬುದೇ ಒಳಗೆ ಕೆಂಡವು ಆರಿರಲಿಲ್ಲವೆಂಬುದಕ್ಕೆ ಸಾಕ್ಷಿಯಲ್ಲವೆ? ಮರಣಕ್ಕೆ ದೂರವಾಗಿ ಕುಳಿತು ಮರಣದ ಬಾಯಿಯಲ್ಲಿದ್ದವರನ್ನು ತೂಗುವುದು ಸುಲಭ. ಯೋಬನ ಸ್ನೇಹಿತರು ಮಾಡಿದ ತಪ್ಪೂ ಇದೇ.

ಇಷ್ಟರಲ್ಲಿ ಬೇರೊಂದು ಪರೀಕ್ಷೆಯು ಊರಿನ ಬಾಗಿಲಿಗೆ ಬಂದಿತ್ತು. ಸಿಡುಬು ಆಗಿನ ಕಾಲದಲ್ಲಿ ಮನೆಮನೆಯನ್ನೂ ಬರಿದುಮಾಡುತ್ತಿದ್ದ ಜಾಡ್ಯ. ಜನರು ಅದನ್ನು ಅಮ್ಮನು ಬಂದಳೆಂದು ಹೇಳುತ್ತಿದ್ದರು. ಕ್ರೈಸ್ತರಲ್ಲಿಯೂ ದೇವರ ಶಿಕ್ಷೆಯೆಂದು ತಲೆಬಾಗಿ ಸುಮ್ಮನಿದ್ದವರು ಇದ್ದಿರಬಹುದು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು 1796ರಲ್ಲಿ ಹಸುವಿನ ಸಿಡುಬಿನ ರಸವನ್ನು ಒಬ್ಬ ಹುಡುಗನ ತೋಳಿಗೆ ಹಾಕಿ, ಅದು ಮನುಷ್ಯರ ಸಿಡುಬನ್ನು ತಡೆಯುವುದೆಂದು ತೋರಿಸಿದ್ದನು. ಆ ರಸವು 1802ರಲ್ಲಿ ಮುಂಬಯಿಯನ್ನು ತಲಪಿತು. ಮಂಜುಪೆಟ್ಟಿಗೆಗಳಿಲ್ಲದ ಕಾಲವಾದುದರಿಂದ ಒಂದು ಮಗುವಿನ ತೋಳಿನಲ್ಲಿ ಎದ್ದ ಬೊಕ್ಕೆಯಿಂದ ಮತ್ತೊಂದು ಮಗುವಿನ ತೋಳಿಗೆ, ಅಲ್ಲಿಂದ ಇನ್ನೊಂದಕ್ಕೆ, ಹೀಗೆ ಸರಪಣಿಯಂತೆ ಅದನ್ನು ಊರಿಂದೂರಿಗೆ ಸಾಗಿಸಬೇಕಾಗಿತ್ತು. ಸರಪಣಿಯ ಒಂದು ಕೊಂಡಿ ತಪ್ಪಿದರೆ ಕೆಲಸವೆಲ್ಲಾ ನಿಂತುಹೋಗುವುದು. ಮಗುವಿನ ತೋಳನ್ನು ಅನ್ಯರ ಕೈಗೆ ಕೊಡಲು ಯಾವ ತಾಯಿ ತಾನೇ ಸುಲಭವಾಗಿ ಒಪ್ಪುವಳು?

ದ್ಯುಬುವಾ ಸ್ವಾಮಿಗಳು ಮೈಸೂರು ಸೀಮೆಯಲ್ಲಿ ಈ ದೇವಿ ಹಾಕುವ ಕೆಲಸವನ್ನು ಕೈಗೊಂಡರು. ಜನರ ಮಾತು, ಜನರ ಭಯ ಎರಡನ್ನೂ ಬಲ್ಲವರಾದುದರಿಂದ ಅವರ ಮಾತಿಗೆ ತಾಯಂದಿರು ಕಿವಿಗೊಟ್ಟರು. 1803-04ನೆಯ ಸಾಲಿನಲ್ಲಿ 25,432 ಮಂದಿಗೆ ದೇವಿ ಹಾಕಿ ಹೆಸರು ಬರೆದುಕೊಂಡದ್ದಾಗಿ ಲೆಕ್ಕವಿದೆ. ಇದರಲ್ಲಿ ಸ್ತ್ರೀಯರ ಪಾಲನ್ನು ಮರೆಯಬಾರದು. ಮೈಸೂರಿನ ಅರಮನೆಯ ರಾಣಿಯರೂ ಇದಕ್ಕೆ ಬೆಂಬಲವಾಗಿ ನಿಂತರು. ಸುಮಾರು 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಬರೆದ ರಾಣಿಯರ ಪಟವು ದೇವಿ ಹಾಕಿಸಿಕೊಳ್ಳುವಂತೆ ಪ್ರಜೆಗಳನ್ನು ಪ್ರೋತ್ಸಾಹಿಸುವುದಕ್ಕಾಗಿಯೇ ಬರೆಯಲ್ಪಟ್ಟಿತೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಇದಲ್ಲದೆ ಸ್ವಾಮಿಗಳು ನೆಲೆಯಿಲ್ಲದೆ ಅಲೆಯುತ್ತಿದ್ದ ಕ್ರೈಸ್ತ ಕುಟುಂಬಗಳಿಗೆ ಹಾಸನದ ಸಮೀಪದಲ್ಲಿ ಒಕ್ಕಲುತನದ ನೆಲೆಯನ್ನು ಕಲ್ಪಿಸಿದರು.

ರೋಗವು ದೇವರ ಪರೀಕ್ಷೆಯೆಂದು ನಂಬುವವರು ಒಂದು ವಿಷಯವನ್ನು ಗಮನಿಸಬೇಕು. ಮತ್ತಾಯನು ಬರೆದ ಸುವಾರ್ತೆಯಲ್ಲಿ ಕಡೇ ತೀರ್ಪಿನ ವರ್ಣನೆಯಿದೆ. ಅಲ್ಲಿ ಅರಸನು ರೋಗಿಯನ್ನು ವಿಚಾರಣೆಗೆ ನಿಲ್ಲಿಸುವುದಿಲ್ಲ. ರೋಗಿಯನ್ನು ನೋಡಲು ಹೋದವರನ್ನೂ ಹೋಗದವರನ್ನೂ ವಿಚಾರಿಸುತ್ತಾನೆ. ಹಸಿದವನು, ಬಟ್ಟೆಯಿಲ್ಲದವನು, ಸೆರೆಯವನು, ಇವರಲ್ಲಿ ಯಾರ ಪಾಪಪುಣ್ಯದ ಪ್ರಶ್ನೆಯೂ ಅಲ್ಲಿ ಎತ್ತಲ್ಪಡುವುದಿಲ್ಲ. ಆದಕಾರಣ ಸಿಡುಬು ಪರೀಕ್ಷೆಯಾಗಿದ್ದರೆ, ಅದು ಹಾಸಿಗೆಯಲ್ಲಿ ಮಲಗಿದ್ದವರಿಗಿಂತ ಹಾಸಿಗೆಯ ಬಳಿಯಲ್ಲಿ ನಿಂತಿದ್ದವರ ಪರೀಕ್ಷೆಯಾಗಿತ್ತೆಂದೇ ಹೇಳಬೇಕು.

ಈ ಕೆಲಸಗಳ ನಡುವೆ ಸ್ವಾಮಿಗಳು ಒಂದು ದೊಡ್ಡ ಗ್ರಂಥವನ್ನು ಸಿದ್ಧಪಡಿಸಿದರು. ಹಿಂದೂ ಜನರ ಆಚಾರ, ವ್ಯವಹಾರ, ವಿಧಿಗಳನ್ನು ವರ್ಣಿಸುವ ಆ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟನಾಗಿದ್ದ ಮೇಜರ್ ಮಾರ್ಕ್ ವಿಲ್ಕ್ಸ್ ಮೆಚ್ಚಿ ಮದರಾಸಿನ ಸರ್ಕಾರಕ್ಕೆ ಕಳುಹಿಸಿದನು. 1807ರಲ್ಲಿ ಗವರ್ನರ್ ವಿಲಿಯಂ ಬೆಂಟಿಂಕನು ಅದನ್ನು ಕಂಪನಿಯ ಪರವಾಗಿ 2,000 ನಕ್ಷತ್ರವರಹಗಳಿಗೆ ಕೊಂಡುಕೊಂಡನು. 1816ರಲ್ಲಿ ಲಂಡನಿನಲ್ಲಿ ಅದರ ಇಂಗ್ಲಿಷ್ ಅನುವಾದವೂ, 1825ರಲ್ಲಿ ಪ್ಯಾರಿಸಿನಲ್ಲಿ ತಿದ್ದಿದ ಫ್ರೆಂಚ್ ಪ್ರತಿಯೂ ಹೊರಬಂದುವು. ಯೂರೋಪಿನ ವಿದ್ವಾಂಸರು ಅದನ್ನು ಕೊಂಡಾಡಿದರು. 1897ರಲ್ಲಿ ಆಕ್ಸ್‌ಫರ್ಡಿನಿಂದ ಅದು ಹೊಸದಾಗಿ ಪ್ರಕಟವಾದಾಗ ಮ್ಯಾಕ್ಸ್ ಮುಲ್ಲರನು ಮುನ್ನುಡಿ ಬರೆದನು. ಲೋಕದಲ್ಲಿ ದ್ಯುಬುವಾ ಎಂಬ ಹೆಸರು ಉಳಿದದ್ದು ಈ ಗ್ರಂಥದಿಂದಲೇ. ಅದರಲ್ಲಿ ನಮ್ಮ ನಾಡಿನ ಜನರ ವಿಷಯದಲ್ಲಿ ನ್ಯಾಯವಾದ ಮಾತುಗಳೂ ಇವೆ, ಅನ್ಯಾಯವಾದ ಮಾತುಗಳೂ ಇವೆ.

ತಮ್ಮ ಮುಖ್ಯವಾದ ಉದ್ಯೋಗವನ್ನು, ಅಂದರೆ ಸುವಾರ್ತೆಯ ಸೇವೆಯನ್ನು ಕುರಿತು ಸ್ವಾಮಿಗಳು ಸ್ವತಃ ಕೊಟ್ಟುಕೊಂಡ ತೀರ್ಪು ಮಾತ್ರ ಬಹಳ ಕಹಿಯಾದದ್ದು. 1823ರಲ್ಲಿ ಲಂಡನಿನಲ್ಲಿ ಪ್ರಕಟವಾದ ಅವರ ಪತ್ರಗಳಲ್ಲಿ ಅದು ದಾಖಲಾಗಿದೆ. ಅಷ್ಟು ವರ್ಷಗಳ ದುಡಿಮೆಯಲ್ಲಿ ತಮ್ಮಿಂದ ಸ್ನಾನದೀಕ್ಷೆ ಹೊಂದಿದವರು ಇನ್ನೂರರಿಂದ ಮುನ್ನೂರು ಮಂದಿ ಮಾತ್ರವೆಂದೂ, ಅವರಲ್ಲಿ ಕೇವಲ ಮನಸ್ಸಾಕ್ಷಿಯ ಪ್ರೇರಣೆಯಿಂದ ಬಂದವರನ್ನು ಒಬ್ಬರನ್ನೂ ನೆನೆಯಲಾರೆನೆಂದೂ ನಾಚಿಕೆಯಿಂದ ಒಪ್ಪಿಕೊಂಡರು. ಇಂಗ್ಲಿಷ್ ಮಿಷನರಿಗಳಲ್ಲಿ ಕೆಲವರು ಅವರಿಗೆ ವಿರೋಧವಾಗಿ ಪುಸ್ತಕಗಳನ್ನೇ ಬರೆದರು. ಆ ವಾದವನ್ನು ಇಲ್ಲಿ ತಿರುಗಿ ಎಬ್ಬಿಸುವುದು ನಮ್ಮ ಉದ್ದೇಶವಲ್ಲ. ತನ್ನ ಸೋಲನ್ನು ತಾನೇ ಅಚ್ಚುಹಾಕಿಸಿದ ಪಾದ್ರಿಯ ಪ್ರಾಮಾಣಿಕತೆಯು ಸಾಮಾನ್ಯವಾದದ್ದಲ್ಲ. ಆದರೆ ಅವರು ಸೆರೆಯಿಂದ ಬಂದವರನ್ನು ತೂಗಿದ ತಕ್ಕಡಿಯಲ್ಲಿಯೇ ತಮ್ಮನ್ನೂ ತೂಗಿಕೊಂಡರೆಂದು ನಮಗೆ ತೋರುತ್ತದೆ. ಪೌಲನು ತನ್ನನ್ನು ತಾನು ಕೂಡ ತೀರ್ಪುಮಾಡಿಕೊಳ್ಳುವುದಿಲ್ಲವೆಂದೂ, ಕಾಲಕ್ಕೆ ಮೊದಲು ಯಾವ ತೀರ್ಪನ್ನೂ ಮಾಡಬಾರದೆಂದೂ ಬರೆದದ್ದು ಇಂಥ ಮನಸ್ಸುಗಳಿಗಾಗಿಯೇ ಇರಬೇಕು. ತಮ್ಮನ್ನು ಹೆಚ್ಚಿಸಿಕೊಳ್ಳುವವರು ಮಾತ್ರ ದೇವರ ಆಸನದಲ್ಲಿ ಕುಳಿತುಕೊಳ್ಳುತ್ತಾರೆಂದು ತಿಳಿಯಬಾರದು. ತಮ್ಮನ್ನು ಮಿತಿಮೀರಿ ಹಳಿದುಕೊಳ್ಳುವವರೂ ಅದೇ ಆಸನವನ್ನು ಏರಿರುತ್ತಾರೆ.

1823ರ ಜನವರಿಯಲ್ಲಿ, ಈ ದೇಶದಲ್ಲಿ 31 ವರ್ಷಗಳನ್ನು ಕಳೆದ ಮೇಲೆ, ಅವರು ಹಡಗನ್ನೇರಿದರು. ಕಂಪನಿಯವರು ಪ್ರಯಾಣದ ವೆಚ್ಚವನ್ನೂ ವಿಶ್ರಾಂತಿವೇತನವನ್ನೂ ಕೊಟ್ಟರು. ಪ್ಯಾರಿಸಿನಲ್ಲಿ ತಮ್ಮ ಸಂಘದ ನಿರ್ದೇಶಕರಲ್ಲಿ ಒಬ್ಬರಾಗಿ, 1836ರಿಂದ 1839ರ ವರೆಗೆ ಅದರ ಮುಖ್ಯಾಧಿಕಾರಿಯಾಗಿ ಸೇವೆ ಸಲ್ಲಿಸಿ, ಪೂರ್ವದೇಶಗಳಿಗೆ ಹೊರಡುವ ತರುಣರನ್ನು ಸಿದ್ಧಪಡಿಸಿದರು. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದರು. 1848ರ ಫೆಬ್ರವರಿ 17ರಂದು ದೈವಾಧೀನರಾದರು. ಇನ್ನು ಐದು ದಿನಕ್ಕೆ ಪ್ಯಾರಿಸಿನಲ್ಲಿ ಮತ್ತೊಂದು ಕ್ರಾಂತಿಯು ಎದ್ದಿತು. ಒಂದು ಕ್ರಾಂತಿಯ ಉರಿಯಲ್ಲಿ ದೇಶವನ್ನು ಬಿಟ್ಟವರು ಇನ್ನೊಂದರ ಉರಿ ಹತ್ತುವ ಮುನ್ನ ಕಣ್ಮುಚ್ಚಿದರು.

ಆದರೆ ಬೆಂಕಿಯು ಅವರ ಕೆಲಸವನ್ನು ಅಷ್ಟರಲ್ಲೇ ಬಿಡಲಿಲ್ಲ. ಅವರು ತೀರಿಕೊಂಡು ನೂರಮೂವತ್ತು ವರ್ಷಗಳಾಗುವ ಸುಮಾರಿಗೆ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿಯು ಲಂಡನಿನಲ್ಲಿದ್ದ ಒಂದು ಹಳೆಯ ಹಸ್ತಪ್ರತಿಯನ್ನು ಪರಿಶೀಲಿಸಿ, ದ್ಯುಬುವಾ ಸ್ವಾಮಿಗಳ ಪ್ರಸಿದ್ಧ ಗ್ರಂಥದ ಬಹುಭಾಗಕ್ಕೆ ಅವರಿಗಿಂತ ಮುಂಚೆ ಇದ್ದ ಬೇರೊಬ್ಬ ಪಾದ್ರಿಯ ಬರವಣಿಗೆಯೇ ಮೂಲವೆಂದು ತೋರಿಸಿದಳು; ಈ ವಿಚಾರದ ಅವಳ ಗ್ರಂಥವು 1987ರಲ್ಲಿ ಪ್ರಕಟವಾಯಿತು. ಆ ಮೊದಲನೆಯ ಬರಹಗಾರನು ಯೇಸುಸಭೆಯ ಗಾಸ್ತೋಂ ಲೋರಾಂ ಕರ್ದೂ. ದಕ್ಷಿಣದೇಶದಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಇದ್ದು 1779ರಲ್ಲಿ ಪುದುಚೇರಿಯಲ್ಲಿ ಸತ್ತವನು; ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ ಭಾಷೆಗಳಿಗೂ ಬಂಧುತ್ವವುಂಟೆಂದು 1767ರಲ್ಲಿಯೇ ಬರೆದ ಪಂಡಿತನು. ಅವನ ಹೆಸರನ್ನು ದ್ಯುಬುವಾ ಸ್ವಾಮಿಗಳು ಹೇಳಿರಲಿಲ್ಲ. ಹೀಗೆ 2,000 ವರಹ ಬೆಲೆಬಾಳಿದ, ಎರಡು ಖಂಡಗಳಲ್ಲಿ ಹೊಗಳಿಸಿಕೊಂಡ ಕಟ್ಟಡದಲ್ಲಿ ಎರವಿನ ಕಲ್ಲುಗಳು ಬಹಳವಿದ್ದುವೆಂಬುದು ಬಯಲಾಯಿತು. ಮುಚ್ಚಿಟ್ಟದ್ದು ಬೆಳಕಿಗೆ ಬಾರದೆ ಇರದೆಂಬ ಸುವಾರ್ತೆಯ ಮಾತು ಸತ್ತವರನ್ನೂ ಬಿಡುವುದಿಲ್ಲ.

ಹಾಗಾದರೆ ಉಳಿದದ್ದೇನು? ತೋಳಿಂದ ತೋಳಿಗೆ ಹಾದ ಆ ಸರಪಣಿಯು ಉಳಿಯಿತು. ಗಂಜಾಮಿನ ಸುತ್ತ ಬದುಕಿಕೊಂಡ ಮಕ್ಕಳು ಬೆಳೆದು ಮಕ್ಕಳನ್ನು ಹೆತ್ತರು. ಯಾರು ತಮ್ಮನ್ನು ಉಳಿಸಿದರೆಂದು ತಿಳಿಯದೆಯೇ ಉಳಿದರು. ಲೋಕದ ಎಲ್ಲಾ ದೇಶಗಳಲ್ಲಿ ಇಂಥ ಸಾವಿರಾರು ಕೈಗಳು ಮಾಡಿದ ಕೆಲಸದಿಂದ 1980ರಲ್ಲಿ ಸಿಡುಬು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು. ಅಳುತ್ತಾ ಬಂದವರಿಗೆ ಬಾಗಿಲು ತೆರೆದ ಆ ದಿನವೂ ಉಳಿಯಿತು. ಸ್ವಾಮಿಗಳು ಹೆಮ್ಮೆಪಟ್ಟಿರಬಹುದಾದ ಗ್ರಂಥವು ಪರೀಕ್ಷೆಯಲ್ಲಿ ಕುಗ್ಗಿತು. ಸೋತೆನೆಂದು ಬರೆದು ಮಡಿಚಿಟ್ಟ ಸೇವೆಯಲ್ಲಿಯೇ ಬಂಗಾರವು ಕಂಡುಬಂದಿತು. ತೀರ್ಪಿನ ದಿನದಲ್ಲಿ ನೀತಿವಂತರು ಆಶ್ಚರ್ಯಪಟ್ಟು ನಾವು ಯಾವಾಗ ಇದನ್ನು ಮಾಡಿದೆವೆಂದು ಕೇಳುವರೆಂದು ಸುವಾರ್ತೆಯಲ್ಲಿ ಹೇಳಿರುವುದು ಇದರಿಂದಲೇ. ಆ ಬೆಳಕಿನಲ್ಲಿ ನೋಡಿದರೆ ಸ್ವಾಮಿಗಳನ್ನು ಕುರಿತ ಕಡೆಯ ತೀರ್ಪೂ ನಮ್ಮದಲ್ಲ. ಕೆಲಸದ ಒಂದು ಭಾಗವು ಸುಟ್ಟರೂ ಮನುಷ್ಯನು ಉಳಿಯುವನೆಂಬ ಅಪೊಸ್ತಲನ ಮಾತನ್ನು ಅವರ ವಿಷಯದಲ್ಲಿ ನಾವು ನಂಬುತ್ತೇವೆ.

ಪೂರ್ವವಿದ್ಯಾರ್ಥಿನಿಯರೇ, ಇಂಥ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಪದವಿ ಬಹುಮಾನಗಳನ್ನು ಪಡೆದವರ ಹೆಸರುಗಳು ಅಚ್ಚಾಗುತ್ತವೆ. ಅದರಲ್ಲಿ ತಪ್ಪಿಲ್ಲ, ಅವು ನಮ್ಮ ಸಂತೋಷವೇ. ಆದರೆ ಮುದುಕಿಯಾದ ಅತ್ತೆಯ ಮಂಚದ ಬಳಿ ರಾತ್ರಿಯೆಲ್ಲಾ ಎಚ್ಚರವಿದ್ದವಳ ಹೆಸರು, ಹಳ್ಳಿಯ ಶಾಲೆಯಲ್ಲಿ ದಡ್ಡನೆನಿಸಿಕೊಂಡ ಮಗುವಿಗೆ ನೂರನೆಯ ಸಾರಿ ಅದೇ ಅಕ್ಷರವನ್ನು ತಿದ್ದಿಸಿದವಳ ಹೆಸರು ಇಲ್ಲಿ ಇಲ್ಲದೆ ಇದ್ದರೆ, ಆ ಪಟ್ಟಿಯು ಅಪೂರ್ಣವೆಂದು ನೀವು ತಿಳಿಯಬೇಕು. ತಾಯಿತಂದೆಗಳೇ, ನಿಮ್ಮ ಮಗಳ ಅಂಕಪಟ್ಟಿಯನ್ನು ನೋಡಿ ಅವಳನ್ನು ತೂಗಬೇಡಿರಿ. ಬಿದ್ದು ಎದ್ದು ಬಂದವಳಿಗೆ ಬಾಗಿಲು ತೆರೆಯಿರಿ. ಏಕೆ ಬಿದ್ದೆಯೆಂದು ಹೊಸ್ತಿಲಲ್ಲೇ ವಿಚಾರಣೆ ನಡೆಸಬೇಡಿರಿ. ನಾವಾದರೋ ಕೆಂಪು ಮಸಿಯ ಲೇಖನಿಯನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ದೊಡ್ಡ ಸ್ವಾಮಿಯವರನ್ನು ನೆನೆಯಲು ನಿಶ್ಚಯಿಸಿದ್ದೇವೆ.

ನೀವು ಎಂದಾದರೂ ಮೇಲುಕೋಟೆಗೆ ಯಾತ್ರೆ ಹೋಗಿ ಶ್ರೀರಂಗಪಟ್ಟಣದ ದಾರಿಯಾಗಿ ಹಿಂದಿರುಗಿದರೆ, ಕೋಟೆಯನ್ನೂ ಅರಮನೆಯ ಅವಶೇಷಗಳನ್ನೂ ನೋಡಿದ ಮೇಲೆ, ಗಂಜಾಮಿನ ಆ ದೇವಾಲಯದ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿರಿ. ಪರೀಕ್ಷಿಸುವವನು ಬೆಳ್ಳಿಯನ್ನು ಶೋಧಿಸುವ ಅಕ್ಕಸಾಲಿಗನಂತೆ ಕುಳಿತಿದ್ದಾನೆ. ಅವನು ಬೆಂಕಿ ಹೊತ್ತಿಸುವುದು ಬೆಳ್ಳಿಯನ್ನು ಕಳೆದುಕೊಳ್ಳುವುದಕ್ಕಲ್ಲ. ಆ ಭರವಸೆಯು ನಿಮ್ಮೆಲ್ಲರ ಮನೆಗಳಲ್ಲಿಯೂ ನೆಲಸಲಿ.